ಹಳೇ ಫ್ರೇಮಿಗೆ ಒಂದೇ ಗೇರು: ಮಾಡಿದವರು ಅನುಭವ ಹೇಳಿ

ಪ್ರಶ್ನೆ (ಸರಸ್ವತಿಪುರಂ, ಮೈಸೂರು)

ಅಟ್ಟದ ಮೇಲೆ ಎರಡು ಸೈಕಲ್ ಇವೆ. ಒಂದು ಅಪ್ಪನ ಕರಿ ಸೈಕಲ್, ರಾಡ್ ಬ್ರೇಕಿನದು, 28 ಇಂಚು. ಇನ್ನೊಂದು ಚಿಕ್ಕಪ್ಪ ಕಾಲೇಜಿಗೆ ಓಡಿಸ್ತಿದ್ದ ಹತ್ತು ಗೇರಿನ ರೇಸಿಂಗ್ ಸೈಕಲ್, 27 ಇಂಚಿನ ಚಕ್ರ. ಅದರ ಗೇರಿನ ಸಾಮಾನೆಲ್ಲ ತುಕ್ಕು ಹಿಡಿದು ಮುರಿದಿದೆ. ಎರಡರಲ್ಲಿ ಒಂದನ್ನ ಹಗುರವಾದ ಸಿಂಗಲ್ ಸ್ಪೀಡ್ ಮಾಡ್ಕೊಂಡು ಮೇಟಗಳ್ಳಿಗೆ ಕೆಲಸಕ್ಕೆ ಹೋಗ್ಬೇಕು, ಭಾನುವಾರ ಚಾಮುಂಡಿ ಬೆಟ್ಟ ಹತ್ತಬೇಕು ಅಂತ ಆಸೆ. ಯಾವ ಫ್ರೇಮ್ ಇಟ್ಕೊಳ್ಳಲಿ? ಹಿಂದೆ ಎಷ್ಟು ಹಲ್ಲು ಹಾಕಿಸಲಿ? ಮೊದಲು ಪೇಂಟ್ ಮಾಡಿಸ್ಬಿಡಲಾ?

ಕುವೆಂಪುನಗರದಿಂದ

ಚಿಕ್ಕಪ್ಪನ ಸೈಕಲ್ಲನ್ನೇ ತಗೊಳ್ಳಿ. ಅಪ್ಪನದನ್ನ ದಯವಿಟ್ಟು ಬಿಚ್ಚಬೇಡಿ. ಅದು ಮೊದಲಿಂದಲೂ ಸಿಂಗಲ್ ಸ್ಪೀಡೇ. ಗ್ರೀಸು, ಬಾಲ್ಸು, ಹೊಸ ಟೈರು ಹಾಕಿಸಿದ್ರೆ ನಾಳೆಯಿಂದಲೇ ಓಡುತ್ತೆ. ರಾಡ್ ಬ್ರೇಕಿನ ರಿಮ್ಮಿಗೆ ಪಕ್ಕದಲ್ಲಿ ಬ್ರೇಕ್ ಹಿಡಿಯೋಕೆ ಚಪ್ಪಟೆ ಜಾಗ ಇರಲ್ಲ, ಅದರ ಬ್ರೇಕ್ ಕಟ್ಟೆ (ರಬ್ಬರ್ ತುಂಡು) ರಿಮ್ಮಿನ ಒಳಮೈಗೆ ಒತ್ತುತ್ತೆ. ಕೇಬಲ್ ಬ್ರೇಕ್ ಬೇಕು ಅಂದ್ರೆ ರಿಮ್ಮೇ ಬದಲಾಗ್ಬೇಕು, ರಿಮ್ ಬದಲಾದ್ರೆ ಕಡ್ಡಿಗಳೂ ಬದಲಾಗ್ಬೇಕು. ಅಷ್ಟೆಲ್ಲ ಖರ್ಚು ಮಾಡಿದ ಮೇಲೆ ಅಪ್ಪನ ಸೈಕಲ್ ಅನ್ನೋದೇ ಉಳಿಯಲ್ಲ.

ಪೇಂಟು ಕೊನೆಗೆ. ಮೊದಲು ನೋಡಬೇಕಾದ್ದು ಹಿಂದಿನ ಆಕ್ಸಲ್ ಕೂರೋ ಸೀಳು. ಅದು ಅಡ್ಡಕ್ಕೆ ಅಥವಾ ಓರೆಯಾಗಿ ಉದ್ದಕ್ಕಿದ್ರೆ ಚಕ್ರವನ್ನ ಹಿಂದಕ್ಕೆ ಎಳೆದು ಚೈನ್ ಬಿಗಿ ಮಾಡಬಹುದು. ನೇರ ಕೆಳಕ್ಕೆ ಬಾಯಿ ಬಿಟ್ಟಿದ್ರೆ ಚಕ್ರ ಹಿಂದೆಮುಂದೆ ಸರಿಯಲ್ಲ, ಚೈನ್ ಬಿಗಿಗೆ ಬೇರೆ ಸಾಧನ ಹಾಕ್ಬೇಕಾಗುತ್ತೆ. ಹಳೇ ಹತ್ತು ಗೇರಿನ ಫ್ರೇಮುಗಳಲ್ಲಿ ಸಾಮಾನ್ಯವಾಗಿ ಓರೆ ಸೀಳೇ ಇರುತ್ತೆ, ಹಾಗಾಗಿ ನಿಮ್ಮದು ಒಳ್ಳೇ ಫ್ರೇಮ್ ಅಂತಲೇ ನನ್ನ ಅಂದಾಜು.

ಆಮೇಲೆ ಒಂದು ದಾರ ತಗೊಳ್ಳಿ. ಒಂದು ಕಡೆ ಸೀಳಿಗೆ ಕಟ್ಟಿ, ಮುಂದೆ ಹ್ಯಾಂಡಲ್ ಕೂರೋ ಪೈಪನ್ನ ಸುತ್ತಿಸಿ, ಇನ್ನೊಂದು ಕಡೆ ಸೀಳಿಗೆ ಬಿಗಿಯಾಗಿ ಎಳೆದು ಕಟ್ಟಿ. ಸೀಟಿನ ಪೈಪಿಗೂ ದಾರಕ್ಕೂ ನಡುವಿನ ಅಂತರ ಎಡಕ್ಕೂ ಬಲಕ್ಕೂ ಒಂದೇ ಇರಬೇಕು. ವ್ಯತ್ಯಾಸ ಕಣ್ಣಿಗೇ ಕಾಣೋ ಹಾಗಿದ್ರೆ ಹಿಂಭಾಗ ಬಗ್ಗಿದೆ ಅಂತ ಅರ್ಥ. ಪೈಪು ಸೇರೋ ಲಗ್ಗುಗಳ ಪಕ್ಕ ಕೂದಲೆಳೆ ಬಿರುಕು ಇದೆಯಾ ಅಂತಲೂ ಬಿಸಿಲಲ್ಲಿ ನೋಡಿ. ಬಿರುಕಿದ್ರೆ ಆ ಫ್ರೇಮನ್ನ ಬಿಟ್ಬಿಡಿ. ಲಗ್ಗಿನ ಫ್ರೇಮನ್ನ ಹಿತ್ತಾಳೆ ಕರಗಿಸಿ ಬೆಸೆದಿರ್ತಾರೆ. ಗ್ರಿಲ್ ಮಾಡೋ ಅಂಗಡಿಯ ಕರೆಂಟ್ ವೆಲ್ಡಿಂಗ್ ಅದರ ತೆಳು ಪೈಪಿಗೆ ಆಗಿಬರಲ್ಲ.

ಇನ್ನು ಅಸಲು ಕೆಲಸ, ಚೈನ್ ನೇರಕ್ಕೆ ಓಡೋದು. ಸಿಂಗಲ್ ಸ್ಪೀಡಿನ ಸುಖ ಪೂರ್ತಿ ಇದರಲ್ಲೇ ಇದೆ. ಸದ್ದಿಲ್ಲ, ಚೈನ್ ಕಳಚಲ್ಲ, ತುಳಿದದ್ದೆಲ್ಲ ಚಕ್ರಕ್ಕೇ ಹೋಗುತ್ತೆ. ಐದು ಹಲ್ಲುಚಕ್ರದ ಹಳೇ ಫ್ರೀವೀಲನ್ನ ಬಿಚ್ಚಿಸಿ. ಅದು ಕೂತಿದ್ದ ಹಬ್ಬಿನ (ಚಕ್ರದ ನಡುಗುಂಬದ) ಮರೆಗೆ, ಅಂದ್ರೆ ತಿರುಪಿನ ಸುತ್ತಿಗೆ, ಸಾಮಾನ್ಯವಾಗಿ ಸಿಂಗಲ್ ಫ್ರೀವೀಲ್ ನೇರ ಕೂರುತ್ತೆ. ಅಂಗಡಿಯಲ್ಲೇ ಕೈಯಲ್ಲಿ ಒಂದೆರಡು ಸುತ್ತು ತಿರುಗಿಸಿ ನೋಡಿ, ಬಿಗಿ ಅನ್ನಿಸಿದ್ರೆ ಬಲವಂತ ಮಾಡ್ಬೇಡಿ. ಐದರ ಜಾಗದಲ್ಲಿ ಒಂದೇ ಕೂತಾಗ ಬಲಗಡೆ ಜಾಗ ಖಾಲಿ ಉಳಿಯುತ್ತೆ. ಆಕ್ಸಲ್ಲಿನ ಬಲಗಡೆ ಇರೋ ವಾಷರುಗಳಲ್ಲಿ ಕೆಲವನ್ನ ಎಡಕ್ಕೆ ಹಾಕಿಸಿ. ಆಗ ಹಬ್ಬು ಬಲಕ್ಕೆ ಸರಿಯುತ್ತೆ, ಅದರ ಜೊತೆ ರಿಮ್ಮೂ ಸರಿಯುತ್ತೆ. ಎಡಗಡೆ ಕಡ್ಡಿ ಬಿಗಿ ಮಾಡಿ ಬಲಗಡೇದು ಸ್ವಲ್ಪ ಸಡಿಲ ಬಿಟ್ಟು ರಿಮ್ಮನ್ನ ಮಧ್ಯಕ್ಕೆ ತರಬೇಕು. ಬೆಂಡ್ ತೆಗೆಯೋರಿಗೆ ಇದನ್ನ ಬಿಡಿಸಿ ಹೇಳಿ, ಇಲ್ಲದಿದ್ರೆ ಬರೀ ಅಲುಗಾಟ ತೆಗೆದು ಕೊಟ್ಬಿಡ್ತಾರೆ. ಎರಡೂ ಕಡೆ ಕಡ್ಡಿಗಳ ಬಿಗಿ ಸಮ ಆದ ಚಕ್ರ ಮೊದಲಿಗಿಂತ ಗಟ್ಟಿ.

ಅಳೆಯೋದು ಹೀಗೆ: ಸೀಟ್ ಪೈಪಿನ ನಡುಮಧ್ಯದಿಂದ ಮುಂದಿನ ಹಲ್ಲಿನವರೆಗೆ ಎಷ್ಟಿದೆಯೋ, ಹಿಂದಿನ ಎರಡು ಸೀಳುಗಳ ನಡುಮಧ್ಯದಿಂದ ಫ್ರೀವೀಲ್ ಹಲ್ಲಿನವರೆಗೂ ಅಷ್ಟೇ ಇರಬೇಕು. ಒಂದೆರಡು ಮಿಲಿಮೀಟರ್ ಆಚೀಚೆ ನಡೆಯುತ್ತೆ. ಚೈನು 1/8 ಇಂಚು ಅಗಲದ್ದೇ ತಗೊಳ್ಳಿ. ಗೇರ್ ಸೈಕಲ್ಲಿನ 3/32ರ ತೆಳು ಹಲ್ಲಿನ ಮೇಲೂ ಅದು ಓಡುತ್ತೆ, ಆದ್ರೆ 3/32ರ ಚೈನು ದಪ್ಪ ಹಲ್ಲಿನ ಮೇಲೆ ಕೂರಲ್ಲ. ಚೈನ್ ಲಾಕಿನ ಮುಚ್ಚಿದ ತುದಿ ಚೈನ್ ಓಡೋ ದಿಕ್ಕಿಗಿರಲಿ. ಮಧ್ಯದಲ್ಲಿ ಬೆರಳಿಟ್ಟು ಒತ್ತಿದ್ರೆ ಅರ್ಧ ಇಂಚು ಆಡಬೇಕು. ಪೆಡಲ್ ಪೂರ್ತಿ ಒಂದು ಸುತ್ತು ತಿರುಗಿಸಿ, ಚೈನ್ ಅತಿ ಬಿಗಿ ಬರೋ ಜಾಗದಲ್ಲೇ ಈ ಅಳತೆ ನೋಡಿ. ಹಳೇ ಚೈನ್‌ವೀಲುಗಳು (ಮುಂದಿನ ಹಲ್ಲುಚಕ್ರಗಳು) ಪೂರ್ತಿ ದುಂಡಗಿರಲ್ಲ.

ಮಂಡ್ಯದಿಂದ

ಹಲ್ಲಿನ ಲೆಕ್ಕ ನಾನ್ ಹೇಳ್ತೀನಣ್ಣ. ನಮ್ಮ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ಮಟ್ಟದ ದಾರೀಲಿ ಓಡ್ಸೋರಿಗೆ ಮುಂದೆ 46, ಹಿಂದೆ 16 ಚೆನ್ನಾಗಾಯ್ತದೆ. 27 ಇಂಚಿನ ಚಕ್ರದಲ್ಲಿ ಒಂದು ಸುತ್ತು ತುಳಿದ್ರೆ ಹತ್ರತ್ರ 6.2 ಮೀಟರ್ ಹೋಯ್ತೀರಿ. ಅದೇ ಹಲ್ಲು ಹಾಕ್ಕೊಂಡು ಬೆಟ್ಟಕ್ಕೆ ಹೋದ್ರೆ ಮಂಡಿ ಕೇಳ್ತದೆ. ಚಾಮುಂಡಿ ಬೆಟ್ಟ ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಮೇಲದೆ, ಮೈಸೂರು ಊರು 770ರ ಆಸುಪಾಸು. ಅಷ್ಟನ್ನೂ ಒಂದೇ ಗೇರಲ್ಲೇ ಏರಬೇಕು. ನಿಮ್ಮ ಚಿಕ್ಕ ಚೈನ್‌ವೀಲ್ 42 ಇದ್ರೆ ಹಿಂದೆ 18 ಹಾಕ್ಸಿ, ಸುತ್ತಿಗೆ 5 ಮೀಟರ್ ಬತ್ತದೆ. ಊರೊಳಗೂ ಸರಿ, ಬೆಟ್ಟಕ್ಕೂ ನಿಂತು ತುಳಿದ್ರೆ ಹತ್ತುತ್ತದೆ. ಮೊದಲ ತಿಂಗಳು ಅದರಲ್ಲೇ ಓಡಿಸಿ. ಫ್ರೀವೀಲ್ ಒಂದನ್ನ ಬದಲಾಯ್ಸೋದು ದೊಡ್ಡ ಖರ್ಚಲ್ಲ, ಮಂಡಿ ಹಾಳಾದ್ರೆ ಕಷ್ಟ.

ಪ್ರಶ್ನೆ ಕೇಳಿದವರಿಂದ

ತುಂಬಾ ಧನ್ಯವಾದ. ದಾರ ಕಟ್ಟಿ ನೋಡಿದೆ, ಎರಡೂ ಕಡೆ ಸಮ ಇದೆ, ಸೀಳು ಓರೆಯಾಗೇ ಇದೆ. ಆದರೆ ಕ್ರ್ಯಾಂಕ್ (ಪೆಡಲ್ ಇರೋ ತೋಳು) ಬಿಚ್ಚೋಕೆ ಆಗ್ತಿಲ್ಲ, ಅದನ್ನ ಅಚ್ಚಿಗೆ ಹಿಡಿದಿರೋ ಕಾಟರ್ ಪಿನ್ ಕಚ್ಕೊಂಡಿದೆ. ಫ್ರೀವೀಲ್ ಬಿಟ್ಟು ಫಿಕ್ಸ್ಡ್ (ಚಕ್ರ ತಿರುಗುವಷ್ಟೂ ಪೆಡಲೂ ತಿರುಗೋ ಹಾಗೆ) ಮಾಡಿಸಿ ಅಂತ ಗೆಳೆಯರು ಹೇಳ್ತಿದ್ದಾರೆ. ಆಗ ಹಿಂದಿನ ಬ್ರೇಕೂ ಬೇಡವಂತೆ, ಹೌದಾ?

ಶ್ರೀರಂಗಪಟ್ಟಣದಿಂದ

ಬೇಡಮ್ಮ, ಆ ಕೆಲಸ ಮಾಡ್ಬೇಡಿ. ಫಿಕ್ಸ್ಡ್ ಹಬ್ಬಿನಲ್ಲಿ ಹಲ್ಲುಚಕ್ರದ ಮೇಲೆ ಉಲ್ಟಾ ಮರೆಯ ಇನ್ನೊಂದು ರಿಂಗ್ ಕೂರುತ್ತೆ. ಹಲ್ಲುಚಕ್ರ ಬಿಚ್ಚಿಕೊಳ್ಳದ ಹಾಗೆ ಹಿಡಿಯೋದು ಅದೇ. ಫ್ರೀವೀಲ್ ಹಬ್ಬಿನಲ್ಲಿ ಆ ಮರೆಯೇ ಇಲ್ಲ. ಹಿಂದಕ್ಕೆ ಒತ್ತಿ ನಿಲ್ಲಿಸೋಕೆ ಹೋದ್ರೆ ಹಲ್ಲುಚಕ್ರ ಕಳಚಿ ಬರುತ್ತೆ. ಬೆಟ್ಟದ ಇಳಿಜಾರಲ್ಲಿ ಹಾಗಾದ್ರೆ ಏನು ಗತಿ? ಫ್ರೀವೀಲ್ ಇರಲಿ, ಎರಡೂ ಬ್ರೇಕ್ ಇರಲಿ. ಮಳೆಯಲ್ಲಿ ಕ್ರೋಮ್ ರಿಮ್ ಬ್ರೇಕ್ ಹಿಡಿಯೋದು ಬಹಳ ಕಮ್ಮಿ, ಅನುಕೂಲ ಆದಾಗ ಅಲ್ಯೂಮಿನಿಯಂ ರಿಮ್ ಹಾಕಿಸಿ. ಈಗಿನ 700ಸಿ ರಿಮ್ ಹಾಕೋದಾದ್ರೆ ಅದು ನಿಮ್ಮ 27 ಇಂಚಿಗಿಂತ ಸುತ್ತಲೂ 4 ಮಿಲಿಮೀಟರ್ ಒಳಗಿರುತ್ತೆ (ಟೈರ್ ಕೂರೋ ಜಾಗದ ವ್ಯಾಸ 700ಸಿಗೆ 622 ಮಿಲಿಮೀಟರ್, 27 ಇಂಚಿಗೆ 630). ಬ್ರೇಕ್ ಶೂ ಅಷ್ಟು ಕೆಳಕ್ಕೆ ಇಳಿಯುತ್ತಾ ಅಂತ ಮೊದಲೇ ನೋಡ್ಕೊಂಡು ದುಡ್ಡು ಕೊಡಿ.

ಕಾಟರ್ ಪಿನ್ನಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. ನಟ್ಟನ್ನ ಪೂರ್ತಿ ತೆಗೀಬೇಡಿ, ಪಿನ್ನಿನ ತುದಿಗೆ ಸಮ ಬರೋವರೆಗೆ ಸಡಿಲಿಸಿ, ಮರೆ ಹಾಳಾಗಲ್ಲ. ಕ್ರ್ಯಾಂಕಿನ ಕೆಳಗೆ, ಪಿನ್ನಿನ ತಲೆಗೆ ಜಾಗ ಬಿಟ್ಟು, ನೆಲಕ್ಕೆ ಮುಟ್ಟೋ ಹಾಗೆ ಒಂದು ಕಬ್ಬಿಣದ ಪೈಪಿನ ತುಂಡು ಆನಿಸಿ. ಇಲ್ಲದಿದ್ರೆ ಏಟೆಲ್ಲ ಒಳಗಿನ ಬಾಲ್ಸಿಗೆ ಬೀಳುತ್ತೆ. ಸಣ್ಣ ಏಟು ಹತ್ತು ಹಾಕೋದಕ್ಕಿಂತ ಭಾರದ ಸುತ್ತಿಗೆಯಲ್ಲಿ ಒಂದೇ ಗಟ್ಟಿ ಏಟು ಹಾಕಿ. ಹೊರಗೆ ಬಂದ ಪಿನ್ನನ್ನ ಮತ್ತೆ ಹಾಕ್ಬೇಡಿ, ಎರಡೂ ಹೊಸದು ತನ್ನಿ. ಎರಡು ಪಿನ್ನೂ ಒಂದಕ್ಕೊಂದು ಎದುರು ದಿಕ್ಕಲ್ಲಿ ಕೂರಬೇಕು, ಆಗ ಮಾತ್ರ ಎರಡು ಪೆಡಲ್ ಒಂದೇ ಗೆರೆಯಲ್ಲಿ ಬರುತ್ತೆ.

ಒಳಗಿನ ಕಪ್ (ಬಾಲ್ಸ್ ಕೂರೋ ಬಟ್ಟಲು) ಬಿಚ್ಚುವಾಗ ಚೈನ್ ಕಡೆಯದು ಉಲ್ಟಾ ಮರೆ ಅನ್ನೋದು ನೆನಪಿರಲಿ. ಅದು ಚೆನ್ನಾಗಿದ್ರೆ ಅಲ್ಲೇ ಬಿಟ್ಟು ಒರೆಸಿ ಗ್ರೀಸ್ ತುಂಬಿ. ಬಾಲ್ಸು ಸಾಮಾನ್ಯವಾಗಿ ಕಾಲಿಂಚಿನವು, ಕಡೆಗೆ ಹನ್ನೊಂದು. ಎಲ್ಲ ಜೋಡಿಸಿ ಮೇಟಗಳ್ಳಿಗೆ ಒಂದು ಸಲ ಹೋಗಿ ಬಂದ ಮೇಲೆ ಪಿನ್ನುಗಳನ್ನ ಮೆಲ್ಲಗೆ ತಟ್ಟಿ ನಟ್ಟು ಮತ್ತೆ ಬಿಗಿ ಮಾಡಿ. ಪಿನ್ ಒಳಗೆ ಕೂತಹಾಗೆಲ್ಲ ನಟ್ಟು ಸಡಿಲ ಆಗುತ್ತೆ. ಹಾಗೇ ಓಡಿಸಿದ್ರೆ ಕ್ರ್ಯಾಂಕಿನ ತೂತೇ ಸವೆದುಹೋಗುತ್ತೆ.