ನರ್ಸಸ್ ಡೇಗೆ ಲಿನಿ ಬಗ್ಗೆ ಮಾತಾಡಬೇಕು, ಆ ಪತ್ರ ಬಿಟ್ಟು ಇನ್ನೇನು ಹೇಳಲಿ?

ಕ್ಲಿನಿಕಲ್_ಟ್ಯೂಟರ್:

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಕಡೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮೇ 12ಕ್ಕೆ ನರ್ಸಸ್ ಡೇ. ಪ್ರತಿ ವರ್ಷ ನೈಟಿಂಗೇಲ್ ಫೋಟೋಗೆ ಹಾರ, ದೀಪ, ಪ್ರತಿಜ್ಞೆ, ಕೇಕ್, ಅಷ್ಟಕ್ಕೆ ಮುಗಿಯುತ್ತೆ. ಈ ಸಲ, 2018ರಲ್ಲಿ ನಿಪಾ (ಬಾವಲಿಯಿಂದ ಬರುವ ವೈರಸ್ ಕಾಯಿಲೆ) ರೋಗಿಯನ್ನು ನೋಡಿಕೊಂಡು ಅದೇ ಸೋಂಕಿಗೆ ಬಲಿಯಾದ ಕೇರಳದ ನರ್ಸ್ ಲಿನಿ ಪುದುಶ್ಶೇರಿ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ಪ್ರಿನ್ಸಿಪಾಲ್ ನನಗೆ ಹೇಳಿದ್ದಾರೆ. ಖುಷಿಯಿಂದಲೇ ಒಪ್ಪಿಕೊಂಡೆ.

ನಮ್ಮ ಫಸ್ಟ್ ಇಯರ್ ಮಕ್ಕಳು 2018ರಲ್ಲಿ ಇನ್ನೂ ಸ್ಕೂಲಲ್ಲಿದ್ದವರು, ಅರ್ಧಕ್ಕರ್ಧ ಮಲಯಾಳಿ ಹುಡುಗಿಯರು, ಅವರಿಗೆ ಹೆಸರು ಗೊತ್ತು, ಉಳಿದವರಿಗೆ ಅದೂ ಗೊತ್ತಿಲ್ಲ. ಹುಡುಕಿದರೆ ಎಲ್ಲಾ ಕಡೆ ಸಿಗೋದು ಐಸಿಯುನಿಂದ ಗಂಡನಿಗೆ ಬರೆದ ಆ ಪತ್ರ, ಹಿಂದೆ ಒಂದು ಅಳುವ ಮ್ಯೂಸಿಕ್. ಒಳ್ಳೆಯ ಹೆಂಡತಿ, ಒಳ್ಳೆಯ ತಾಯಿ, ತ್ಯಾಗಮಯಿ. ಎಲ್ಲಾ ನಿಜವೇ. ಆದರೆ ಅವರು ನರ್ಸ್ ಅಲ್ವಾ? ಆ ಕೆಲಸದ ಬಗ್ಗೆ ಎರಡು ಸಾಲೂ ಇರಲ್ಲ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

---

ನೈಟ್_ಡ್ಯೂಟಿ_ಸಿಸ್ಟರ್:

ಮೇಡಂ, ಮೊದಲು ಆ ರಾತ್ರಿಯಿಂದ ಶುರು ಮಾಡಿ. ಪೆರಾಂಬ್ರ ತಾಲೂಕು ಆಸ್ಪತ್ರೆ, ಕೋಝಿಕ್ಕೋಡ್ ಜಿಲ್ಲೆ, 2018ರ ಮೇ ತಿಂಗಳ ಮೊದಲ ವಾರ. ಪಕ್ಕದ ಚಂಗರೋತ್ ಪಂಚಾಯಿತಿಯ ಒಬ್ಬ ಹುಡುಗ ಜ್ವರ ಅಂತ ಅಡ್ಮಿಟ್ ಆದ. ಲಿನಿ ಅವನನ್ನು ನೋಡಿಕೊಂಡರು. ಅದು ನಿಪಾ ಅಂತ ಅವತ್ತು ಇಡೀ ಕೇರಳದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದನ್ನು ಮಕ್ಕಳಿಗೆ ಒತ್ತಿ ಹೇಳಿ. ಗೊತ್ತಿದ್ದೂ ಬೆಂಕಿಗೆ ಹಾರಿದರು ಅನ್ನೋ ಹಾಗೆ ಕಥೆ ಮಾಡ್ತಾರೆ ಕೆಲವರು, ಹಾಗಲ್ಲ. ಅವರು ದಿನಾ ಮಾಡುವ ಕೆಲಸವನ್ನೇ ಅವತ್ತೂ ಸರಿಯಾಗಿ ಮಾಡಿದರು.

ಆ ಕೆಲಸ ಅಂದರೆ ಏನು ಅಂತಲೂ ಹೇಳಿ. ಜ್ವರ, ವಾಂತಿ, ಕೆಮ್ಮು ಇರೋ ರೋಗಿ ಹತ್ರ ನೈಟ್ ಡ್ಯೂಟಿ ಅಂದರೆ ನಾವು ದೂರ ನಿಂತು ಮಾಡೋ ಕೆಲಸ ಅಲ್ಲ. ವಾಂತಿ ಬಂದಾಗ ಒಂದು ಕೈಯಲ್ಲಿ ಕಿಡ್ನಿ ಟ್ರೇ ಹಿಡಿದು ಇನ್ನೊಂದು ಕೈ ಅವನ ಬೆನ್ನ ಮೇಲೆ ಇಟ್ಟಿರುತ್ತೇವೆ, ನಮ್ಮ ಮುಖ ಅವನ ಮುಖದಿಂದ ಒಂದು ಗೇಣು ದೂರದಲ್ಲಿರುತ್ತೆ. ಬಾಯಿ ಒರೆಸಬೇಕು, ಬೆಡ್‌ಶೀಟ್ ಬದಲಾಯಿಸಬೇಕು, ಜ್ವರ ಇಳಿಯೋಕೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಬೇಕು, ಅವನು ಕೈ ಕೊಡವಿದಾಗ ಕ್ಯಾನುಲಾ (ಡ್ರಿಪ್ ಹಾಕೋ ಸಣ್ಣ ನಳಿಗೆ) ಕಿತ್ತು ಬಂದರೆ ಮತ್ತೆ ಹಾಕಬೇಕು. ಮಧ್ಯದಲ್ಲಿ ಪಕ್ಕದ ಬೆಡ್‌ನವರು ಡ್ರಿಪ್ ಮುಗೀತು ಸಿಸ್ಟರ್ ಅಂತ ಕೂಗುತ್ತಿರುತ್ತಾರೆ. ಕೇಸ್ ಶೀಟ್ ಬರೆಯೋಕೆ ಕೂರುವ ಹೊತ್ತಿಗೆ ಬೆಳಕು ಹರಿದಿರುತ್ತೆ. ಕೆಮ್ಮಿನ ಹನಿಯಿಂದ ಹರಡುವ ಕಾಯಿಲೆಗೆ ಇದಕ್ಕಿಂತ ಹತ್ತಿರದ ದಾರಿ ಬೇಕಾ?

ಎರಡು ವಾರದೊಳಗೆ ಅವರಿಗೂ ಜ್ವರ ಬಂತು. ಮೇ 21ರ ಬೆಳಗಿನ ಜಾವ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ತೀರಿಕೊಂಡರು. ಸೋಂಕು ಹರಡಬಾರದು ಅಂತ ದೇಹವನ್ನು ಊರಿಗೂ ಒಯ್ಯದೆ ನಗರದ ವಿದ್ಯುತ್ ಚಿತಾಗಾರದಲ್ಲೇ ಸಂಸ್ಕಾರ ಮಾಡಿದರು.

---

ಕುಡ್ಲದವ:

ಇದರಲ್ಲಿ ನಮ್ಮ ಕಡೆಯದೂ ಒಂದು ಪಾತ್ರ ಇದೆ, ಅದನ್ನೂ ಸೇರಿಸಿ. ಆ ಹುಡುಗ ಮೇ 5ಕ್ಕೆ ಸತ್ತ. ಆಗ ಯಾರಿಗೂ ಅನುಮಾನ ಬರಲಿಲ್ಲ. ಆಮೇಲೆ ಅವನ ಅಣ್ಣನಿಗೂ ಅದೇ ಥರ ಆದಾಗ ಕೋಝಿಕ್ಕೋಡ್‌ನ ಡಾಕ್ಟರುಗಳು, ಒಂದೇ ಮನೆಯಲ್ಲಿ ಹೀಗೆ ಮಿದುಳು ಜ್ವರ ಬರುತ್ತಿದೆಯಲ್ಲ, ಇದು ಮಾಮೂಲಿ ಅಲ್ಲ ಅಂತ ಸ್ಯಾಂಪಲ್‌ಗಳನ್ನು ಮಣಿಪಾಲಕ್ಕೆ ಕಳಿಸಿದರು. ಅಲ್ಲಿನ ವೈರಸ್ ಸಂಶೋಧನಾ ಕೇಂದ್ರದಲ್ಲಿ ಡಾ. ಜಿ. ಅರುಣ್ ಕುಮಾರ್ ಅವರ ತಂಡ ಅದು ನಿಪಾ ಅಂತ ಕಂಡುಹಿಡಿಯಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ) ಕೂಡ ಹೌದು ಅಂದಿತು. ಕಾಯಿಲೆಗೆ ಹೆಸರು ಸಿಕ್ಕಿದ ಬೆನ್ನಿಗೇ ಲಿನಿ ಹೋಗಿಬಿಟ್ಟರು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನನಗೆ ಇವತ್ತಿಗೂ ಸಂಕಟ ಆಗುತ್ತೆ.

ಆ ಸಲ ಕೇರಳದಲ್ಲಿ ಒಟ್ಟು 17 ಜನ ಸತ್ತರು. ಬಾವಲಿಯಿಂದ ಬಂದದ್ದು ಮೊದಲನೆಯವನಿಗೆ ಮಾತ್ರ, ಉಳಿದವರಿಗೆಲ್ಲ ಮನುಷ್ಯರಿಂದಲೇ ಹರಡಿದ್ದು, ಅದೂ ಜಾಸ್ತಿ ಆಸ್ಪತ್ರೆಗಳ ಒಳಗೇ. ಇದು ಹೊಸ ವಿಷಯವೂ ಅಲ್ಲ ಮೇಡಂ. 2001ರಲ್ಲಿ ಸಿಲಿಗುರಿಯಲ್ಲಿ ನಿಪಾ ಬಂದಾಗಲೂ ಆಸ್ಪತ್ರೆಗಳಲ್ಲೇ ಹಬ್ಬಿತ್ತು, ಅಲ್ಲೂ ಆಸ್ಪತ್ರೆ ಸಿಬ್ಬಂದಿಗೆ ತಗುಲಿತ್ತು. ಅಂದರೆ 17 ವರ್ಷ ಮುಂಚೆಯೇ ಪಾಠ ಸಿಕ್ಕಿತ್ತು. ರೋಗ ಯಾವುದು ಅಂತ ಗೊತ್ತಾಗುವ ಮುಂಚೆಯೇ, ಕೆಮ್ಮುವ ಪ್ರತಿ ರೋಗಿ ಹತ್ರ ಮಾಸ್ಕ್ ಇರಬೇಕು ಅನ್ನೋದು. ನಿಮ್ಮ ಸ್ಟೂಡೆಂಟ್ಸ್‌ಗೆ ಹೇಳುವುದಾದರೆ ಇದನ್ನೇ ಹೇಳಿ, ಸುಮ್ನೆ ಕಣ್ಣೀರು ಹಾಕಿಸಬೇಡಿ.

---

ಸಿಸ್ಟರ್_ಗಂಡ:

ನನ್ನ ಹೆಂಡತಿಯೂ ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ನರ್ಸ್. ಹಾಗಾಗಿ ಒಂದು ಮಾತು. ಲಿನಿ ಕೂಡ ಕಾಯಂ ಕೆಲಸದಲ್ಲಿ ಇರಲಿಲ್ಲ. ಇದನ್ನು ಯಾರೂ ಹೇಳೋದೇ ಇಲ್ಲ. ಪರ್ಮನೆಂಟ್ ಆಗುತ್ತೆ, ಆಗುತ್ತೆ ಅಂತ ಕಾಯುತ್ತಾ ಕಾಯಂ ನೌಕರರು ಮಾಡುವಷ್ಟೇ ಕೆಲಸ ಮಾಡುವವರ ಸಾಲಿನಲ್ಲಿ ಅವರೂ ಇದ್ದರು. ಗಂಡ ಬಹ್ರೇನ್‌ನಲ್ಲಿ, ಇಬ್ಬರು ಪುಟ್ಟ ಮಕ್ಕಳು, ದೊಡ್ಡವನಿಗೆ 5, ಚಿಕ್ಕವನಿಗೆ 2. ಗಲ್ಫ್‌ನಲ್ಲಿ ಒಬ್ಬರು, ಊರಲ್ಲಿ ಒಬ್ಬರು ದುಡಿಯುವ ಮನೆ ಹೇಗಿರುತ್ತೆ ಅಂತ ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ.

ಸರ್ಕಾರ ಆಮೇಲೆ ಇಬ್ಬರು ಮಕ್ಕಳಿಗೂ ತಲಾ 10 ಲಕ್ಷ ರೂಪಾಯಿ, ಗಂಡನಿಗೆ ಆರೋಗ್ಯ ಇಲಾಖೆಯಲ್ಲಿ ಕೆಲಸ ಕೊಟ್ಟಿತು. ಒಳ್ಳೆಯದೇ ಆಯಿತು, ಕೇರಳದವರು ಕೈ ಬಿಡಲಿಲ್ಲ. ಆದರೆ ಅದು ಪ್ರತ್ಯೇಕವಾಗಿ ಮಾಡಿದ ತೀರ್ಮಾನ. ಕೋವಿಡ್ ಬಂದಾಗ, 2020ರ ಮಾರ್ಚ್‌ನಲ್ಲಿ, ಕೇಂದ್ರ ಸರ್ಕಾರ ಆರೋಗ್ಯ ಸಿಬ್ಬಂದಿಗೆ 50 ಲಕ್ಷದ ವಿಮೆ ತಂದಿತು, ಗುತ್ತಿಗೆಯವರನ್ನೂ ಸೇರಿಸಿತು. ಆದರೆ ಅದು ಕೋವಿಡ್‌ಗೆ ಮಾತ್ರ.

ನನ್ನವಳು ಡ್ಯೂಟಿಯಿಂದ ಬಂದರೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಸ್ನಾನ ಮಾಡಿಯೇ ಮಗಳನ್ನು ಎತ್ತಿಕೊಳ್ಳೋದು. ಮಗಳು ಬಾತ್‌ರೂಮ್ ಬಾಗಿಲಿಗೆ ಒರಗಿ ಕೂತು ಅಮ್ಮಾ ಆಯ್ತಾ, ಅಮ್ಮಾ ಆಯ್ತಾ ಅಂತ ಕೇಳುತ್ತಾ ಇರುತ್ತಾಳೆ. ಯಾರೂ ಹೇಳಿಕೊಟ್ಟ ನಿಯಮ ಅಲ್ಲ ಅದು, ಭಯದಿಂದ ಬಂದ ಅಭ್ಯಾಸ. ಅದಕ್ಕೇ ನನಗೆ ತ್ಯಾಗ ಅನ್ನೋ ಮಾತು ಕೇಳಿದರೆ ಸಿಟ್ಟು ಬರುತ್ತೆ. ತ್ಯಾಗ ಅಂದುಬಿಟ್ಟರೆ ಗ್ಲೌಸ್ ಯಾಕಿರಲಿಲ್ಲ, ಸಂಬಳ ಯಾಕೆ ತಡ ಅಂತ ಆಮೇಲೆ ಯಾರೂ ಕೇಳಲ್ಲ.

---

ಮಲೆನಾಡ_ಮಗಳು:

ಮೇಲಿನವರ ಮಾತು ಒಪ್ಪುತ್ತೇನೆ ಅಣ್ಣ, ಆದರೆ ಪತ್ರವನ್ನು ಪೂರ್ತಿ ಬಿಡಬೇಡಿ ಮೇಡಂ. ನಮ್ಮಮ್ಮ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಎಎನ್‌ಎಂ, ಅಂದರೆ ಹಳ್ಳಿ ಸುತ್ತುವ ಆರೋಗ್ಯ ಸಹಾಯಕಿ, ಆಗಿದ್ದವರು. ನರ್ಸ್ ಬೇರೆ, ಅಮ್ಮ ಬೇರೆ ಅಂತ ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಲಸಿಕೆ ಬಾಕ್ಸ್ ಹೆಗಲಿಗೆ ಹಾಕಿಕೊಂಡು ಹೊರಡುತ್ತಾ ಬಾಗಿಲಲ್ಲೇ ನಿಂತು, ಅನ್ನ ಬೇಯಿಸಿಟ್ಟಿದ್ದೇನೆ, ಸಾರು ಬಿಸಿ ಮಾಡಿಕೊ, ತಮ್ಮನಿಗೆ ಹೋಮ್‌ವರ್ಕ್ ಮಾಡಿಸು ಅಂತ ಒಂದೇ ಉಸಿರಲ್ಲಿ ಹೇಳಿ ಹೋಗುತ್ತಿದ್ದರು.

ಲಿನಿ ಬರೆದದ್ದೂ ನನಗೆ ಹಾಗೇ ಕೇಳಿಸುತ್ತೆ. ಹೊರಟಿದ್ದೇನೆ ಅನ್ನಿಸುತ್ತೆ, ನಿನ್ನನ್ನು ನೋಡೋಕೆ ಆಗಲಿಕ್ಕಿಲ್ಲ, ಮಕ್ಕಳನ್ನು ಚೆನ್ನಾಗಿ ನೋಡಿಕೊ, ಮಗನನ್ನು ಗಲ್ಫ್‌ಗೆ ಕರೆದುಕೊಂಡು ಹೋಗು, ಒಬ್ಬನೇ ಇರಬೇಡ. ಅದರಲ್ಲಿ ತನ್ನ ಬಗ್ಗೆ ಗೋಳು ಒಂದೂ ಇಲ್ಲ. ಡ್ಯೂಟಿ ಬದಲಾಗುವಾಗ ಮುಂದಿನ ಸಿಸ್ಟರ್‌ಗೆ ಹ್ಯಾಂಡ್‌ಓವರ್ ಕೊಡುತ್ತಾರಲ್ಲ, ಯಾರಿಗೆ ಏನು ಬೇಕು ಅಂತ, ಹಾಗಿದೆ ಅದು. ಗಂಡ ಬಹ್ರೇನ್‌ನಿಂದ ಓಡಿ ಬಂದು ಸ್ವಲ್ಪ ಹೊತ್ತು ನೋಡಿದರು, ಅಷ್ಟೇ. ಪತ್ರ ಓದಿ, ಆದರೆ ಮ್ಯೂಸಿಕ್ ಬೇಡ. ಆ ಮಕ್ಕಳ ಫೋಟೋನೂ ಸ್ಲೈಡ್‌ನಲ್ಲಿ ಹಾಕಬೇಡಿ, ದೊಡ್ಡವರಾಗುತ್ತಿದ್ದಾರೆ.

ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ ಜಿಮ್ ಕ್ಯಾಂಬೆಲ್ ಆಗ ಮೂವರ ಹೆಸರು ಒಟ್ಟಿಗೆ ಹಾಕಿ ಇವರನ್ನು ಮರೆಯಬೇಡಿ ಅಂತ ಟ್ವೀಟ್ ಮಾಡಿದ್ದರು: ಗಾಯಾಳುಗಳ ಆರೈಕೆ ಮಾಡುತ್ತಾ ಗುಂಡೇಟಿಗೆ ಬಲಿಯಾದ ಗಾಜಾದ ರಜಾನ್ ಅಲ್ ನಜ್ಜಾರ್, ನಮ್ಮ ಲಿನಿ, ಲೈಬೀರಿಯಾದ ಸಲೋಮೆ ಕರ್ವಾ. ಸಲೋಮೆ ಎಬೋಲಾ ಗೆದ್ದು ಬಂದು ಎಬೋಲಾ ರೋಗಿಗಳನ್ನೇ ನೋಡಿಕೊಂಡವರು. 2017ರಲ್ಲಿ ಹೆರಿಗೆಯಾದ ಮೇಲೆ ಸತ್ತರು. ಆಸ್ಪತ್ರೆಯಲ್ಲಿ ಮುಟ್ಟೋಕೆ ಹೆದರಿದರು ಅಂತ ಅವರ ಸೋದರಿ ಹೇಳಿದ್ದರು. ಪೆರಾಂಬ್ರದಲ್ಲೂ ಅಷ್ಟೇ, ಆ ಆಸ್ಪತ್ರೆಯ ನರ್ಸ್‌ಗಳು ಬಸ್ಸು, ಆಟೋ ಹತ್ತಿದರೆ ಜನ ದೂರ ಸರಿಯುತ್ತಿದ್ದರು ಅಂತ ಆಗ ಪೇಪರ್‌ಗಳಲ್ಲಿ ಬಂದಿತ್ತು. ಹೂವಿನ ಹಾರ ಹಾಕುವ ದಿನ ಇದನ್ನೂ ಹೇಳಬೇಕು ಅಲ್ವಾ?

---

ಕ್ಲಿನಿಕಲ್_ಟ್ಯೂಟರ್:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಸಿಸ್ಟರ್, ನಿಮ್ಮ ಕಿಡ್ನಿ ಟ್ರೇ ಮಾತನ್ನು ಇದ್ದ ಹಾಗೇ ಓದುತ್ತೇನೆ, ಬೇಡ ಅನ್ನಬೇಡಿ. ಪತ್ರವನ್ನು ನಮ್ಮ ಥರ್ಡ್ ಇಯರ್ ಮಲಯಾಳಿ ಹುಡುಗಿ ಮೊದಲು ಮಲಯಾಳಂನಲ್ಲಿ, ಆಮೇಲೆ ಕನ್ನಡದಲ್ಲಿ ಓದಲಿ ಅಂತ ಯೋಚಿಸಿದ್ದೇನೆ.

ಕೇರಳ ಸರ್ಕಾರ ಒಳ್ಳೆಯ ನರ್ಸ್‌ಗೆ ಲಿನಿ ಹೆಸರಲ್ಲಿ ಪ್ರಶಸ್ತಿ ಇಟ್ಟದ್ದನ್ನೂ ಹೇಳುತ್ತೇನೆ, ಆದರೆ ಕೊನೆಗಲ್ಲ, ಮಧ್ಯದಲ್ಲಿ. ಕೊನೆಯ ಐದು ನಿಮಿಷ ಭಾಷಣ ನಿಲ್ಲಿಸಿ, ಮಾಸ್ಕ್ ಸರಿಯಾಗಿ ಹಾಕೋದು, ಗ್ಲೌಸ್‌ನ ಹೊರಭಾಗ ಕೈಗೆ ತಾಗದ ಹಾಗೆ ತೆಗೆಯೋದು ಹೇಗೆ ಅಂತ ಎಲ್ಲರ ಕೈಲೂ ಮಾಡಿಸುತ್ತೇನೆ. ಎರಡು ಬಾಕ್ಸ್ ಎನ್-95 ಬೇಕು ಅಂತ ಇವತ್ತೇ ಸ್ಟೋರ್‌ಗೆ ಬರೆದು ಕೊಟ್ಟೆ. ಸಿಸ್ಟರ್_ಗಂಡ ಅವರೇ, ಗುತ್ತಿಗೆ ವಿಷಯ ಸ್ಟೇಜ್ ಮೇಲೆ ಹೇಳಿದರೆ ಮ್ಯಾನೇಜ್‌ಮೆಂಟ್‌ನವರ ಮುಖ ಹೇಗಾಗುತ್ತೋ, ಆದರೂ ಹೇಳುತ್ತೇನೆ.