ಪ್ರೊಪೇನ್ ನಾವೇ ಹೋಗಿ ತುಂಬಿಸಿಕೊಂಡು ಬಂದರೆ ದುಡ್ಡು ಉಳಿಯುತ್ತಾ?

ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಮಿಶಿಗನ್‌ನ ಆನ್ ಆರ್ಬರ್ ದಾಟಿ ಹಳ್ಳಿ ಕಡೆ ಮನೆ ತೆಗೆದುಕೊಂಡಿದ್ದೇವೆ. ನ್ಯಾಚುರಲ್ ಗ್ಯಾಸ್ ಪೈಪು ನಮ್ಮ ರಸ್ತೆವರೆಗೆ ಬಂದಿಲ್ಲ. ಮನೆ ಬೆಚ್ಚಗಿಡುವ ಫರ್ನೇಸು, ಬಿಸಿನೀರು, ಒಲೆ, ಬಟ್ಟೆ ಒಣಗಿಸುವ ಡ್ರೈಯರ್ ಎಲ್ಲಾ ಪ್ರೊಪೇನ್ ಮೇಲೆ, ನಮ್ಮೂರಿನ ಸಿಲಿಂಡರ್ ಗ್ಯಾಸಿನಂಥದ್ದೇ ಇಂಧನ. ಹಿತ್ತಲಲ್ಲಿ 500 ಗ್ಯಾಲನ್ ಟ್ಯಾಂಕ್ ಇದೆ, ಗ್ಯಾಸ್ ಕಂಪನಿಯದು, ನಮಗೆ ಬಾಡಿಗೆಗೆ. ಮೊದಲ ಚಳಿಗಾಲದ ಬಿಲ್ ನೋಡಿ ಎದೆ ಧಸಕ್ಕೆಂದಿತು. ಪಕ್ಕದ ಮನೆಯ ಅಜ್ಜ ಉದ್ದನೆಯ ಸಿಲಿಂಡರ್‌ಗಳನ್ನು ಪಿಕಪ್‌ಗೆ ಹೇರಿಕೊಂಡು ಹೋಗಿ ತುಂಬಿಸಿಕೊಂಡು ಬರುತ್ತಾರೆ. ನನಗೂ ಹಾಗೇ ಮಾಡು ಅನ್ನುತ್ತಾರೆ. ಯಾರಾದರೂ ಮಾಡಿದ್ದೀರಾ? ಚಿಕ್ಕ ಮಕ್ಕಳಿರುವ ಮನೆ, ಅಪಾಯ ಇದ್ದರೆ ಅದನ್ನೂ ಹೇಳಿ.

ಒಹಾಯೊದಿಂದ

ಮೊದಲು ಆ ಅಜ್ಜನ ಮನೆಯಲ್ಲಿ ಪ್ರೊಪೇನ್ ಯಾವುದಕ್ಕೆ ಉರಿಯುತ್ತದೆ ಅಂತ ಕೇಳಿ. ಕಟ್ಟಿಗೆ ಒಲೆ ಹಾಕಿಕೊಂಡು, ಅಡುಗೆಗೆ ಮಾತ್ರ ಗ್ಯಾಸ್ ಬಳಸುವವರಿಗೂ ನಿಮಗೂ ಲೆಕ್ಕವೇ ಬೇರೆ.

ಉದ್ದನೆಯ ಸಿಲಿಂಡರ್ ಅಂದರೆ 100 ಪೌಂಡಿನದು ಇರಬೇಕು. ಅದರಲ್ಲಿ ಹಿಡಿಯುವುದು ಸುಮಾರು 23.6 ಗ್ಯಾಲನ್. ನಮ್ಮೂರಿನ 14.2 ಕೆಜಿ ಸಿಲಿಂಡರ್ ಲೆಕ್ಕದಲ್ಲಿ ಮೂರರಷ್ಟು ಗ್ಯಾಸ್. ಒಂದು ಗ್ಯಾಲನ್ ಪ್ರೊಪೇನ್ ಉರಿದರೆ ಸುಮಾರು 91,500 ಬಿಟಿಯು (ಶಾಖ ಅಳೆಯುವ ಮಾನ) ಶಾಖ ಬರುತ್ತದೆ. ನಿಮ್ಮ ಫರ್ನೇಸು ಗಂಟೆಗೆ 80,000 ಬಿಟಿಯು ತಿನ್ನುವಂಥದ್ದು ಅಂತ ಇಟ್ಟುಕೊಳ್ಳಿ. ಬಿಡದೆ ಉರಿದರೆ ಆ ಸಿಲಿಂಡರ್ 27 ಗಂಟೆಗೆ ಖಾಲಿ. ಜನವರಿಯಲ್ಲಿ ಅರ್ಧ ಹೊತ್ತು ಉರಿದರೂ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ, ಅಷ್ಟೇ. ಎರಡು ದಿನಕ್ಕೊಮ್ಮೆ ಹಿಮದಲ್ಲಿ ಸಿಲಿಂಡರ್ ಹೇರಿಕೊಂಡು ಹೋಗುತ್ತೀರಾ?

ಅದೇ ಸಿಲಿಂಡರ್ ಅಡುಗೆಗೆ ಮಾತ್ರ ಅಂದರೆ ನೋಡಿ. ಒಂದು ಬರ್ನರ್ ಗಂಟೆಗೆ 9,000 ಬಿಟಿಯು ಅಂತ ಹಿಡಿದರೆ 240 ಗಂಟೆ ಉರಿಯುತ್ತದೆ. ದಿನಕ್ಕೆ ಎರಡು ಗಂಟೆ ಅಡುಗೆ ಮಾಡಿದರೆ ನಾಲ್ಕು ತಿಂಗಳು. ಅಜ್ಜನಿಗೆ ಉಳಿಯುತ್ತದೆ, ನಿಮಗೆ ಉಳಿಯಲ್ಲ ಅನ್ನುವುದು ಇದಕ್ಕೇ.

ಚಳಿ ಇನ್ನೊಂದು ತೊಂದರೆ. ಸಿಲಿಂಡರ್ ಒಳಗೆ ಇರುವುದು ದ್ರವ. ಅದು ಆವಿಯಾಗಲು ಬೇಕಾದ ಶಾಖವನ್ನು ಹೊರಗಿನ ಗಾಳಿಯಿಂದ, ಸಿಲಿಂಡರಿನ ಗೋಡೆ ಮೂಲಕ ಎಳೆದುಕೊಳ್ಳುತ್ತದೆ. ಚಿಕ್ಕ ಸಿಲಿಂಡರ್, ಒಳಗೆ ಅರ್ಧವೇ ಗ್ಯಾಸ್, ಹೊರಗೆ ಮೈನಸ್ 20 ಡಿಗ್ರಿ ಆದರೆ ದೊಡ್ಡ ಫರ್ನೇಸಿಗೆ ಸಾಕಾಗುವಷ್ಟು ಆವಿ ಬರುವುದಿಲ್ಲ. ಗ್ಯಾಸ್ ಇದ್ದೂ ಮನೆ ತಣ್ಣಗಾಗುತ್ತದೆ. ದೊಡ್ಡ ಟ್ಯಾಂಕಿಗೆ ಮೈ ಜಾಸ್ತಿ, ಅದಕ್ಕೆ ಈ ಕಾಟ ಕಡಿಮೆ.

ನ್ಯೂ ಹ್ಯಾಂಪ್‌ಶೈರ್‌ನಿಂದ

ನಾನು ಹೊತ್ತು ತರುವವಳೇ. ನಮ್ಮಲ್ಲಿ ಮನೆ ಬೆಚ್ಚಗಿಡುವುದು ಕರೆಂಟಿನ ಹೀಟ್ ಪಂಪ್ ಮತ್ತು ಮರದ ಪುಡಿಯ ಉಂಡೆ ಉರಿಸುವ ಪೆಲೆಟ್ ಒಲೆ. ಪ್ರೊಪೇನ್ ಒಲೆಗೆ, ಡ್ರೈಯರ್‌ಗೆ ಮಾತ್ರ. ಕಡಿಮೆ ಬಳಸುವವರಿಗೆ ಕಂಪನಿಗಳು ಗ್ಯಾಲನ್ ದರ ಜಾಸ್ತಿ ಹಾಕುತ್ತವೆ. ಅದರ ಮೇಲೆ ಟ್ಯಾಂಕ್ ಬಾಡಿಗೆ, ಡೆಲಿವರಿ ಚಾರ್ಜು, ಅಪಾಯದ ಸರಕು ಅಂತ ಇನ್ನೊಂದು ಚಾರ್ಜು. ಬಿಲ್ಲಿನಲ್ಲಿ ಗ್ಯಾಸಿನ ಪಾಲೇ ಚಿಕ್ಕದು ಅನ್ನಿಸುವಷ್ಟು.

ಹಾಗಾಗಿ 100 ಪೌಂಡಿನ ಎರಡು ಸಿಲಿಂಡರ್ ಸ್ವಂತಕ್ಕೆ ಕೊಂಡೆವು. ಪರವಾನಗಿ ಇರುವ ಗ್ಯಾಸ್ ಕೆಲಸದವರನ್ನು ಕರೆಸಿ ತಾನಾಗಿ ಬದಲಾಗುವ ರೆಗ್ಯುಲೇಟರ್ ಹಾಕಿಸಿದೆವು. ಒಂದು ಖಾಲಿಯಾದರೆ ಇನ್ನೊಂದು ಶುರುವಾಗುತ್ತದೆ, ಸಾರಿಗೆ ಒಗ್ಗರಣೆ ಹಾಕುವಾಗ ಒಲೆ ಆರಿಹೋಗುವ ರಗಳೆ ಇಲ್ಲ. ಖಾಲಿಯಾದದ್ದನ್ನು ಪುರುಸೊತ್ತಾದಾಗ ತೆಗೆದುಕೊಂಡು ಹೋಗುತ್ತೇವೆ.

ತೂಕದ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ತುಂಬಿದ 100 ಪೌಂಡಿನ ಸಿಲಿಂಡರ್ ಅಂದರೆ ಕಬ್ಬಿಣ ಸೇರಿ ಸುಮಾರು 170 ಪೌಂಡ್, 77 ಕೆಜಿ. ಒಬ್ಬರೇ ಎತ್ತುವ ಸಾಹಸ ಬೇಡ. ಎರಡು ಚಕ್ರದ ಕೈಗಾಡಿ, ಪಟ್ಟಿ, ಜೊತೆಗೆ ಇನ್ನೊಬ್ಬರು. ಇಷ್ಟಿಲ್ಲದಿದ್ದರೆ 40 ಪೌಂಡಿನದನ್ನೇ ಇಟ್ಟುಕೊಳ್ಳಿ, 9.4 ಗ್ಯಾಲನ್ ಹಿಡಿಯುತ್ತದೆ, ಸೊಂಟವೂ ಉಳಿಯುತ್ತದೆ.

ಕೊಳ್ಳುವಾಗ ಕತ್ತಿನ ಪಟ್ಟಿಯ ಮೇಲೆ ಕೊರೆದಿರುವ ತಯಾರಿಕೆಯ ತಿಂಗಳು, ವರ್ಷ ನೋಡಿ. ಹೊಸದಕ್ಕೆ 12 ವರ್ಷ ಆದ ಮೇಲೆ ಮರುಪರೀಕ್ಷೆ ಆಗಬೇಕು. ಕಣ್ಣಲ್ಲಿ ನೋಡಿ ಮಾಡುವ ಪರೀಕ್ಷೆಯಾದರೆ ಆಮೇಲೆ ಐದೈದು ವರ್ಷಕ್ಕೆ. ತಾರೀಖು ದಾಟಿದ್ದನ್ನು ತುಂಬಿಸಿಕೊಡುವುದಿಲ್ಲ. ಗ್ಯಾರೇಜ್ ಸೇಲ್‌ನಲ್ಲಿ ಅಗ್ಗಕ್ಕೆ ಸಿಗುವುದು ಬಹಳ ಸಲ ಇಂಥದ್ದೇ. ಚಿಕ್ಕ ಸಿಲಿಂಡರ್‌ಗಳಿಗೆ, ಅಂದರೆ 4ರಿಂದ 40 ಪೌಂಡಿನವರೆಗೆ, ಮಿತಿ ಮೀರಿ ತುಂಬದಂತೆ ತಡೆಯುವ ವಾಲ್ವ್ ಇರಲೇಬೇಕು. 2002ರಿಂದ ಆ ನಿಯಮ ಇದೆ. ಕೈಯಿಂದ ತಿರುಗಿಸುವ ಹಿಡಿ ತ್ರಿಕೋನದ ಆಕಾರದಲ್ಲಿದ್ದರೆ ಅದೇ ವಾಲ್ವ್.

ಅಂಗಡಿ ಮುಂದಿನ ಪಂಜರದಲ್ಲಿ ಖಾಲಿ ಕೊಟ್ಟು ತುಂಬಿದ್ದು ತರುತ್ತಾರಲ್ಲ, ಅದು ಎಲ್ಲಕ್ಕಿಂತ ದುಬಾರಿ. 20 ಪೌಂಡಿನ ಸಿಲಿಂಡರ್‌ನಲ್ಲಿ ಬಹಳ ಕಡೆ 15 ಪೌಂಡ್ ಮಾತ್ರ ತುಂಬಿರುತ್ತಾರೆ, ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಗ್ಯಾಲನ್ ಪ್ರೊಪೇನ್ 4.2 ಪೌಂಡ್ ತೂಗುತ್ತದೆ. 15 ಪೌಂಡಿಗೆ 22 ಡಾಲರ್ ಕೊಟ್ಟರೆ ಗ್ಯಾಲನ್‌ಗೆ 6 ಡಾಲರ್ ಮೇಲೆ ಬಿತ್ತು. ಮೀಟರ್ ಹಾಕಿ ಗ್ಯಾಲನ್ ಲೆಕ್ಕದಲ್ಲಿ ತುಂಬುವ ಕಡೆಗೆ ಹೋಗಿ. "ಸಿಲಿಂಡರ್‌ಗೆ ಇಷ್ಟು" ಅನ್ನುವ ಕಡೆ ಅರ್ಧ ಖಾಲಿಯಾದದ್ದನ್ನು ಒಯ್ದರೆ ನಷ್ಟ.

ಟೆಕ್ಸಾಸ್‌ನಿಂದ

ಅಕ್ಕ ಹೇಳಿದ್ದೆಲ್ಲ ಸರಿ. ಒಂದು ಸೇರಿಸುತ್ತೇನೆ: ಹೋಗಿ ಬರುವ ಪೆಟ್ರೋಲ್ ಲೆಕ್ಕ ಹಾಕಿ. ನನ್ನ ಆಫೀಸ್ ದಾರಿಯಲ್ಲೇ ತುಂಬಿಸುವ ಜಾಗ ಇದೆ, ಅದಕ್ಕೆ ಗಿಟ್ಟುತ್ತದೆ. ಇದಕ್ಕೆಂದೇ ಮೂವತ್ತು ಮೈಲಿ ಓಡಿಸಿದರೆ ಗ್ಯಾಲನ್‌ಗೆ ಅರ್ಧ ಡಾಲರ್ ಉಳಿಸಿ ಪಿಕಪ್‌ಗೆ ಸುರಿದ ಹಾಗೆ.

ಊರಲ್ಲೂ ಗೋಡೌನ್‌ಗೆ ನಾವೇ ಹೋಗಿ ಸಿಲಿಂಡರ್ ತಂದರೆ ಡೆಲಿವರಿ ಹಣ ಕಳೆಯುತ್ತಾರೆ. ನಮ್ಮ ಮಾವ ಸ್ಕೂಟರ್ ಮುಂದೆ ನಿಲ್ಲಿಸಿಕೊಂಡು ತರುತ್ತಿದ್ದರು. ಇಲ್ಲಿ ಆ ಧೈರ್ಯ ತೋರಿಸಬೇಡಿ.

ಪೆನ್ಸಿಲ್ವೇನಿಯಾದಿಂದ

ಸಾಗಿಸುವುದರ ಬಗ್ಗೆ ನನ್ನ ಮಾತು. ಕಾರಿನ ಡಿಕ್ಕಿಯಲ್ಲಿ ಮಲಗಿಸಿ ತರುವುದು ಬೇಡವೇ ಬೇಡ. ಸಿಲಿಂಡರ್‌ಗೆ ಒತ್ತಡ ಜಾಸ್ತಿಯಾದಾಗ ತಾನಾಗಿ ತೆರೆಯುವ ವಾಲ್ವ್ ಇರುತ್ತದೆ. ನಿಂತಿದ್ದಾಗ ಆ ವಾಲ್ವ್ ಆವಿಯ ಭಾಗದಲ್ಲಿರುತ್ತದೆ. ಮಲಗಿಸಿದರೆ ದ್ರವದಲ್ಲಿ ಮುಳುಗುತ್ತದೆ. ತೆರೆದುಕೊಂಡರೆ ದ್ರವವೇ ಹೊರಗೆ ಚಿಮ್ಮುತ್ತದೆ, ಅದು ಆವಿಯಾದರೆ ಸುಮಾರು 270 ಪಟ್ಟು ಹಿಗ್ಗುತ್ತದೆ. ಪ್ರೊಪೇನ್ ಗಾಳಿಗಿಂತ ಭಾರ, ಕಾರಿನ ತಳದಲ್ಲೇ ಮಡುಗಟ್ಟುತ್ತದೆ.

ಹಿತ್ತಲಿನ ಗ್ರಿಲ್‌ನ 20 ಪೌಂಡಿನದನ್ನು ಕಾರಿನಲ್ಲಿ ತರಬಹುದು. ಆದರೆ ನಿಲ್ಲಿಸಿ, ಅಲುಗಾಡದಂತೆ ಕಟ್ಟಿ, ವಾಲ್ವ್ ಬಾಯಿಗೆ ಪ್ಲಗ್ ಹಾಕಿ, ಕಿಟಕಿ ತೆರೆದು, ನೇರ ಮನೆಗೆ. ಕಾರಿನ ಒಳಗೆ ಒಟ್ಟು 90 ಪೌಂಡ್ ಪ್ರೊಪೇನ್‌ಗಿಂತ ಜಾಸ್ತಿ ಇಡಬಾರದು ಎಂದು ಎನ್‌ಎಫ್‌ಪಿಎ 58 ಎಂಬ ಸುರಕ್ಷತಾ ನಿಯಮಾವಳಿ ಹೇಳುತ್ತದೆ. 20ರದು ನಾಲ್ಕು ಅಂತ ನೆನಪಿಟ್ಟುಕೊಳ್ಳಿ. 100 ಪೌಂಡಿನದಕ್ಕೆ ಪಿಕಪ್ ಅಥವಾ ತೆರೆದ ಟ್ರೇಲರ್ರೇ ಬೇಕು. ಮನೆಯೊಳಗೆ, ಬೇಸ್‌ಮೆಂಟಿನಲ್ಲಿ, ಗ್ಯಾರೇಜಿನಲ್ಲಿ ಇಡಬೇಡಿ. ಹೊರಗೆ, ಕಿಟಕಿ ಬಾಗಿಲುಗಳಿಂದ ದೂರ. ಮಕ್ಕಳಿದ್ದಾರೆ ಅಂದಿರಿ, ಬೀಳದ ಹಾಗೆ ಗಟ್ಟಿ ನೆಲದ ಮೇಲೆ ನಿಲ್ಲಿಸಿ ಕಟ್ಟಿ.

ಕೇಳಿದವರು ಮತ್ತೆ

ಬಹಳ ಥ್ಯಾಂಕ್ಸ್. ಅಜ್ಜನನ್ನು ಕೇಳಿದೆ, ಅವರದು ಕಟ್ಟಿಗೆ ಒಲೆಯೇ! ಒಂದು ಪ್ರಶ್ನೆ: ಹಳೇ 250 ಗ್ಯಾಲನ್ ಟ್ಯಾಂಕ್ ಟ್ರೇಲರ್ ಮೇಲೆ ಕಟ್ಟಿ, ಒಂದೇ ಸಲ ಜಾಸ್ತಿ ತಂದರೆ?

ಪೆನ್ಸಿಲ್ವೇನಿಯಾದಿಂದ

ಆಗಲ್ಲ. ಒಂದೇ ಕಡೆ ಇರಲೆಂದು ಮಾಡಿದ ಟ್ಯಾಂಕನ್ನು ಅದರ ಹಿಡಿತದ ಶೇಕಡಾ 5ಕ್ಕಿಂತ ಜಾಸ್ತಿ ದ್ರವ ಇಟ್ಟುಕೊಂಡು ರಸ್ತೆ ಮೇಲೆ ಒಯ್ಯುವಂತಿಲ್ಲ. ಸಾಗಿಸಲೆಂದೇ ಮಾಡಿದ ಸಿಲಿಂಡರ್‌ಗಳು ಬೇರೆ, ಅವುಗಳ ಮೇಲೆ ಡಿಒಟಿ, ಅಂದರೆ ಅಮೆರಿಕದ ಸಾರಿಗೆ ಇಲಾಖೆಯ ಗುರುತು ಇರುತ್ತದೆ. ಜನ ಮಾಡುತ್ತಾರೆ ನಿಜ, ವಿಡಿಯೋನೂ ಹಾಕುತ್ತಾರೆ. ಅಪಘಾತವಾದರೆ ಇನ್ಶೂರೆನ್ಸ್‌ನವರು ಏನು ಕೇಳುತ್ತಾರೆ ಅಂತ ಯೋಚಿಸಿ.

ಮಿಸೌರಿಯಿಂದ

ತಡವಾಗಿ ನೋಡಿದೆ. ನಿಮ್ಮ ದುಡ್ಡು ಸೋರುತ್ತಿರುವುದು ಗ್ಯಾಸ್ ತಂದು ತುಂಬುವ ಲಾರಿಯಿಂದ ಅಲ್ಲ, ಬಾಡಿಗೆ ಟ್ಯಾಂಕಿನಿಂದ. ಕಂಪನಿಯ ಟ್ಯಾಂಕ್ ಆದರೆ ಅವರೇ ತುಂಬಬೇಕು, ಬೇರೆಯವರು ಮುಟ್ಟುವಂತಿಲ್ಲ. ಬಹಳ ರಾಜ್ಯಗಳಲ್ಲಿ ಅದಕ್ಕೆ ಕಾನೂನೇ ಇದೆ. ಅವರು ಹೇಳಿದ್ದೇ ದರ.

ನಾವು 500 ಗ್ಯಾಲನ್ ಟ್ಯಾಂಕ್ ಸ್ವಂತಕ್ಕೆ ಕೊಂಡು ಕೂರಿಸಿದೆವು. ಒಮ್ಮೆಗೆ ಖರ್ಚು ಜಾಸ್ತಿ ಅನ್ನಿಸಿತು, ಒಪ್ಪುತ್ತೇನೆ. ಆದರೆ ಈಗ ಸುತ್ತಲಿನ ಎಲ್ಲಾ ಕಂಪನಿಗಳಿಗೆ ಫೋನ್ ಮಾಡಿ ದರ ಕೇಳುತ್ತೇನೆ. ಒಬ್ಬರ ದರ ಇನ್ನೊಬ್ಬರಿಗೆ ಹೇಳುತ್ತೇನೆ, ಇಳಿಸುತ್ತಾರೆ. ಸಂತೆ ವ್ಯಾಪಾರ ನಮಗೇನು ಹೊಸದಾ? ಬೇಸಿಗೆಯಲ್ಲಿ ತುಂಬಿಸುತ್ತೇನೆ. ಟ್ಯಾಂಕನ್ನು ಶೇಕಡಾ 80ರಷ್ಟೇ ತುಂಬುತ್ತಾರೆ, ಅಂದರೆ 400 ಗ್ಯಾಲನ್. ಗ್ಯಾಲನ್‌ಗೆ ಮುಕ್ಕಾಲು ಡಾಲರ್ ವ್ಯತ್ಯಾಸ ಸಿಕ್ಕರೂ ಒಂದು ಸಲಕ್ಕೆ 300 ಡಾಲರ್ ಉಳಿಯಿತು, ಸೊಂಟ ಬಗ್ಗಿಸದೆ.

ಚಳಿಗಾಲದ ಮಧ್ಯೆ ಕೊಳ್ಳುವ ಸ್ಥಿತಿ ತಂದುಕೊಳ್ಳಬಾರದು ಎನ್ನುವುದಕ್ಕೆ 2014ರ ಜನವರಿ ಒಳ್ಳೆ ಉದಾಹರಣೆ. ಅದರ ಹಿಂದಿನ ಶರತ್ಕಾಲದಲ್ಲಿ ಅಮೆರಿಕದ ಮಿಡ್‌ವೆಸ್ಟ್ ಭಾಗದಲ್ಲಿ ಮೆಕ್ಕೆಜೋಳದ ಫಸಲು ತಡವಾಗಿ, ಹಸಿಯಾಗಿ ಬಂತು. ಅದನ್ನು ಒಣಗಿಸಲು ರೈತರು ಪ್ರೊಪೇನ್ ಸುಟ್ಟರು. ಅದರ ಬೆನ್ನಿಗೇ ಭಯಂಕರ ಚಳಿ. ಮನೆಗೆ ತರಿಸುವ ದರ ಗ್ಯಾಲನ್‌ಗೆ 4 ಡಾಲರ್ ದಾಟಿತು. ಮೊದಲೇ ಕಂಪನಿಯ ಜೊತೆ ದರ ಗೊತ್ತುಮಾಡಿಕೊಂಡವರು ಬಚಾವಾದರು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕೇಂದ್ರ ಸರ್ಕಾರದ ಇಂಧನ ಮಾಹಿತಿ ಸಂಸ್ಥೆ ಇಐಎ ರಾಜ್ಯವಾರು ವಾರದ ದರ ಹಾಕುತ್ತದೆ. ಅದನ್ನು ನೋಡಿಕೊಂಡೇ ಚೌಕಾಸಿ ಮಾಡಿ.

ಕೇಳಿದವರು ಮತ್ತೆ

ಸರ್, ಟ್ಯಾಂಕ್ ವಾಪಸ್ ಕೊಟ್ಟರೆ ಒಳಗೆ ಉಳಿದ ಗ್ಯಾಸ್‌ನ ದುಡ್ಡು?

ಮಿಸೌರಿಯಿಂದ

ಕರಾರು ಪತ್ರದಲ್ಲಿ ಬರೆದಿರುತ್ತದೆ, ಸಹಿ ಹಾಕಿದ ಪ್ರತಿ ತೆಗೆದು ಓದಿ. ಕೆಲವರು ಉಳಿದ ಗ್ಯಾಸ್‌ಗೆ ದುಡ್ಡು ಕೊಡುತ್ತಾರೆ, ಕೆಲವರು ಅದನ್ನು ಹೊರತೆಗೆಯಲು ಮತ್ತು ಟ್ಯಾಂಕ್ ಒಯ್ಯಲು ಉಲ್ಟಾ ನಮ್ಮಿಂದಲೇ ಕೇಳುತ್ತಾರೆ. ಮಾರ್ಚ್ ಕೊನೆಗೆ ಟ್ಯಾಂಕಿನ ಗೇಜ್ ಶೇಕಡಾ 15-10ರ ಮಟ್ಟಕ್ಕೆ ಇಳಿದಾಗ ಮಾತು ಶುರು ಮಾಡಿ. ಪೂರ್ತಿ ಖಾಲಿ ಮಾಡಬೇಡಿ, ಆಮೇಲೆ ತುಂಬುವ ಮೊದಲು ಇಡೀ ಮನೆಯ ಪೈಪ್ ಸೋರಿಕೆ ಪರೀಕ್ಷೆ ಮಾಡಬೇಕಾಗುತ್ತದೆ, ಅದಕ್ಕೂ ಬಿಲ್ ಬರುತ್ತದೆ. ಹೊಸ ಟ್ಯಾಂಕ್ ಕೂರಿಸುವ ಜಾಗ ಮನೆಯಿಂದ ಕನಿಷ್ಠ 10 ಅಡಿ ದೂರ ಇರಬೇಕು. ನಿಮ್ಮ ಟೌನ್‌ಶಿಪ್‌ನಲ್ಲಿ ಪರ್ಮಿಟ್ ಬೇಕಾ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ನ್ಯೂ ಹ್ಯಾಂಪ್‌ಶೈರ್‌ನಿಂದ

ಗ್ರಿಲ್‌ಗೆ ಮಾತ್ರ ಒಂದು 20 ಪೌಂಡಿನದನ್ನು ಅಜ್ಜನ ಪಿಕಪ್‌ನಲ್ಲೇ ಕಳಿಸಿ ತುಂಬಿಸಿಕೊಳ್ಳಿ. ಅಷ್ಟಕ್ಕೆ ಪಂಜರದ ಅಂಗಡಿ ಬೇಡ.