ಸಹಾಯ ಬೇಕು: ಆಫ್ರಿಕಾ ಸುತ್ತಿ ಬರುತ್ತಿರುವ ರೆಸಿನ್ ಡ್ರಮ್‌ಗಳು

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ನಮ್ಮದು ಫೈಬರ್ ದೋಣಿ ಮಾಡುವ ಸಣ್ಣ ಶೆಡ್. ದೋಣಿಗೆ ಫೈಬರ್ ಜೊತೆ ಹಚ್ಚಿ ಗಟ್ಟಿ ಮಾಡುವ ಅಂಟಿನಂಥ ದ್ರವ, ಅಂದರೆ ರೆಸಿನ್, ಯುರೋಪಿನಿಂದ 40 ಡ್ರಮ್ ತರಿಸಿದ್ದೇವೆ. ಕೆಂಪು ಸಮುದ್ರದ ಗಲಾಟೆಯಿಂದ ಹಡಗು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಬರುತ್ತಿದೆ. ಎರಡು ವಾರ ಜಾಸ್ತಿ ಅಂದಿದ್ದರು. ಈಗ ನಡುವಿನ ಬಂದರಿನಲ್ಲಿ ಬೇರೆ ಹಡಗಿಗೆ ಹಾಕಬೇಕಂತೆ. ಬೆಂಕಿ ಹಿಡಿಯುವ ದ್ರವ, ಅಪಾಯಕಾರಿ ಸರಕಿನ 3ನೇ ಕ್ಲಾಸ್ ಅಂತ ಆ ಹಡಗಿನಲ್ಲಿ ಜಾಗ ಕೊಡುತ್ತಿಲ್ಲ. ಅಲ್ಲೇ ನಿಂತು ಮೂರು ವಾರವಾಯಿತು.

ನನ್ನ ಹೆದರಿಕೆ ಬಾಡಿಗೆಯದ್ದಲ್ಲ. ಈ ರೆಸಿನ್‌ನಲ್ಲಿ ಸ್ಟೈರೀನ್ ಅನ್ನೋ, ಬಿಸಿಗೆ ಗಟ್ಟಿಯಾಗುವ ರಾಸಾಯನಿಕ ಇದೆ. 25 ಡಿಗ್ರಿ ಒಳಗಿಟ್ಟರೆ ಆರು ತಿಂಗಳು ಬಾಳಿಕೆ. ಬಿಸಿಲಲ್ಲಿ ಕಾದ ಕಂಟೇನರಿನಲ್ಲಿ ಗಟ್ಟಿಯಾಗದಂತೆ ಬೆರೆಸಿದ ರಾಸಾಯನಿಕ ಬೇಗ ಖರ್ಚಾಗುತ್ತದೆ. ಆಮೇಲೆ ರೆಸಿನ್ ತಾನೇ ಗಟ್ಟಿಯಾಗತೊಡಗುತ್ತದೆ, ಗಟ್ಟಿಯಾಗುತ್ತಾ ಇನ್ನೂ ಬಿಸಿಯಾಗುತ್ತದೆ. ವಿಮೆ ಇದೆ, ಆದರೆ ತಡವಾದ ಕಾರಣಕ್ಕೆ ಸರಕು ಕೆಟ್ಟರೆ ಹಣವಿಲ್ಲ. ಪಾಲಿಸಿ ಈಗ ಓದಿದೆ, ಆಗ ಸುಮ್ನೆ ಸಹಿ ಹಾಕಿದ್ದೆ.

ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನಲ್ಲಿ ಇಂಥ ಸರಕು ಬಿಡಿಸಿದವರು ಯಾರಾದರೂ ಇದ್ದೀರಾ? ಸುಂಕ ಕಟ್ಟುವ ಮೊದಲೇ ಒಂದೆರಡು ಡ್ರಮ್ ತೆರೆದು ಮಾದರಿ ಪರೀಕ್ಷಿಸಲು ಬಿಡುತ್ತಾರಾ? ಕಂಟೇನರನ್ನು ನೆರಳಲ್ಲಿ ಇಡಿ ಅಂತ ಹಡಗಿನವರಿಗೆ ಯಾರ ಮೂಲಕ ಹೇಳಿಸಬೇಕು? ಆಗಸ್ಟ್ 1ಕ್ಕೆ ಮೀನುಗಾರಿಕೆ ಶುರು, ಎರಡು ದೋಣಿ ಅರ್ಧಕ್ಕೆ ನಿಂತಿವೆ. ಗೊತ್ತಿದ್ದವರು ದಯವಿಟ್ಟು ಇಲ್ಲೇ ಬರೆಯಿರಿ.